ಕೈಗೆ ತಾನೇ ಬರುವ ಸಾಮಾನು

ಈ ಹೊತ್ತು ನಾನು ಮಾತಾಡಲು ಬಂದಿರುವುದು ಮನೆಯಲ್ಲಿ ಕೂತು ಸೂಜಿ, ದಾರ, ಮಣಿ ಹಿಡಿದು ಕೆಲಸ ಮಾಡುವವರ ಜೊತೆ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವವರು, ರವಿಕೆಗೆ ಆರಿ ಕೆಲಸ ಮಾಡುವವರು, ಕಸೂತಿ ಹಾಕುವವರು, ಕ್ರೋಶಾ ಹೆಣೆಯುವವರು, ಎಲ್ಲರಿಗೂ ಉಪಯೋಗಕ್ಕೆ ಬರುವ ಒಂದು ಸಾಧನವನ್ನು ಮನೆಯಲ್ಲೇ ಮಾಡಿಕೊಳ್ಳುವ ಬಗೆ ಹೇಳುತ್ತೇನೆ. ಏಳು ಡಬ್ಬಿಗಳನ್ನು ಹೊತ್ತು, ಒಂದೇ ಬೆರಳಿನಲ್ಲಿ ತಳ್ಳಿದರೂ ಸಲೀಸಾಗಿ ತಿರುಗುವ ದುಂಡು ಹಲಗೆ ಅದು. ಮಾತಿನ ನಡುವೆ ಕೆಲವು ಅಳತೆಗಳು ಬರುತ್ತವೆ. ಒಂದು ಹಾಳೆ, ಒಂದು ಪೆನ್ಸಿಲ್ ಪಕ್ಕದಲ್ಲಿರಲಿ. ಮುಖ್ಯವಾದ ಅಳತೆಗಳನ್ನು ಎರಡೆರಡು ಸಲ ಹೇಳುತ್ತೇನೆ.

ಮೊದಲು ಕೆಲಸವನ್ನೇ ನೋಡೋಣ. ಒಂದು ರೇಷ್ಮೆ ಸೀರೆಗೆ ಕುಚ್ಚು ಕಟ್ಟಬೇಕು. ಸೆರಗಿನ ಬಣ್ಣಕ್ಕೆ ಹೊಂದುವ ರೇಷ್ಮೆ ದಾರ ಆರಿಸಬೇಕು. ರಟ್ಟಿನ ತುಂಡಿಗೋ ಸ್ಕೇಲಿಗೋ ಅದನ್ನು ಸುತ್ತಿ ಎಳೆಗಳನ್ನು ಒಟ್ಟು ಮಾಡಬೇಕು. ಸೆರಗಿನ ಅಂಚಿನಲ್ಲಿ ಸೂಜಿಯಿಂದಲೋ ಕ್ರೋಶಾ ಕಡ್ಡಿಯಿಂದಲೋ ದಾರ ಹಾಯಿಸಬೇಕು. ಮಣಿ ಪೋಣಿಸಬೇಕು. ಕುಚ್ಚಿನ ಕುತ್ತಿಗೆಗೆ ಜರಿ ದಾರ ಬಿಗಿಯಬೇಕು. ಕೊನೆಗೆ ಎಲ್ಲ ಕುಚ್ಚುಗಳೂ ಒಂದೇ ಉದ್ದ ಬರುವಂತೆ ಕತ್ತರಿ ಆಡಿಸಬೇಕು. ಸೆರಗಿನ ಈ ಕೊನೆಯಿಂದ ಆ ಕೊನೆಯವರೆಗೆ ಹತ್ತಾರು ಕುಚ್ಚು. ಒಂದೊಂದಕ್ಕೂ ಇದೇ ಸುತ್ತು. ಪ್ರತಿ ಹೆಜ್ಜೆಗೂ ಬೇರೆ ಬೇರೆ ಸಾಮಾನು ಬೇಕು. ಆ ಸಾಮಾನೆಲ್ಲ ಎಲ್ಲಿರುತ್ತದೆ? ದಾರ ಬಿಸ್ಕತ್ತಿನ ಡಬ್ಬಿಯಲ್ಲಿ, ಮಣಿ ಪ್ಲಾಸ್ಟಿಕ್ ಕವರಿನಲ್ಲಿ, ಸೂಜಿ ಹಳೆಯ ಕನ್ನಡಕದ ಪೆಟ್ಟಿಗೆಯಲ್ಲಿ, ಕತ್ತರಿ ಮಡಿಲ ಮೇಲಿನ ಬಟ್ಟೆಯ ಅಡಿಯಲ್ಲಿ. ಕೈ ಕೆಲಸ ಮಾಡುವುದಕ್ಕಿಂತ ಹುಡುಕುವುದೇ ಹೆಚ್ಚಾಗುತ್ತದೆ.

ಇನ್ನು ಕಸೂತಿಯ ವಿಷಯ. ಹುಬ್ಬಳ್ಳಿ, ಧಾರವಾಡದ ಕಡೆ ಇಳಕಲ್ ಸೀರೆಯ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಮೂಡಿಸುವ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಮೊದಲೇ ಗೆರೆ ಎಳೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸಿ ಎಣಿಸಿ ಸೂಜಿ ಹಾಕುತ್ತಾರೆ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಮನೆ ತುಂಬಿ, ಬರುವಾಗ ಬಿಟ್ಟ ಮನೆಗಳನ್ನು ತುಂಬುತ್ತಾರೆ; ಹಾಗಾಗಿ ಬಟ್ಟೆಯ ಎರಡೂ ಮಗ್ಗುಲಲ್ಲಿ ಚಿತ್ತಾರ ಒಂದೇ ಥರ ಕಾಣುತ್ತದೆ. ಮುರ್ಗಿ, ನೇಗಿ, ಮೆಂತಿ ಹೊಲಿಗೆಗಳಿಗೂ ಎಣಿಕೆಯೇ ಆಧಾರ. ಹಸಿರು ದಾರ ಮುಗಿದು ಕೆಂಪು ದಾರ ಹುಡುಕಲು ಕಣ್ಣು ಬಟ್ಟೆಯಿಂದ ಆಚೆ ಹೋಯಿತೆಂದರೆ ಎಣಿಕೆ ತಪ್ಪುತ್ತದೆ. ಎಣಿಕೆ ಒಂದು ಎಳೆ ತಪ್ಪಿದರೂ ಹೊಲಿಗೆ ಬಿಚ್ಚಬೇಕು. ಸಾಮಾನು ಎಲ್ಲಿದೆ ಅನ್ನುವುದಕ್ಕೂ ಕೆಲಸ ಎಷ್ಟು ಚೆನ್ನಾಗಿ ಬರುತ್ತದೆ ಅನ್ನುವುದಕ್ಕೂ ಇಷ್ಟು ಹತ್ತಿರದ ಸಂಬಂಧವಿದೆ.

ಆದ್ದರಿಂದ ನಾನು ಹೇಳಬೇಕಾದ್ದು ಒಂದೇ ಮಾತು. ಕೈಕೆಲಸದವರು ಸಾಮಾನಿನ ಬಳಿಗೆ ಹೋಗಬಾರದು, ಸಾಮಾನು ಅವರ ಕೈಗೆ ಬರಬೇಕು. ಕಣ್ಣು ಬಟ್ಟೆಯ ಮೇಲೇ ಉಳಿಯಬೇಕು.

ಕುಶಲಕರ್ಮಿಗಳಿಗೆ ಇದು ಎಂದಿನಿಂದಲೂ ಗೊತ್ತಿರುವ ವಿಷಯ. ಕುಂಬಾರರು ಗಡಿಗೆಯ ಸುತ್ತ ಓಡಾಡುವುದಿಲ್ಲ. ಕೂತಲ್ಲೇ ಕೂತಿರುತ್ತಾರೆ, ತಿಗರಿ ಮಣ್ಣನ್ನು ಅವರ ಬೆರಳಿಗೆ ತಿರುಗಿಸಿ ಕೊಡುತ್ತದೆ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡು ಲೇಥಿನಲ್ಲಿ ತಿರುಗುತ್ತದೆ, ಉಳಿ ಹಿಡಿದ ಕೈ ನಿಂತಲ್ಲೇ ಇದ್ದು ಗೊಂಬೆಯ ರೂಪ ಕೊಡುತ್ತದೆ. ಅರಗಿನ ಬಣ್ಣ ಹಚ್ಚುವುದೂ ಮರ ತಿರುಗುತ್ತಿರುವಾಗಲೇ.

ಸಾಮಾನು ಜೋಡಿಸಿಡುವುದಕ್ಕೇ ತಿರುಗುವ ಮೇಜು ಮಾಡಿಸಿದವರ ಒಂದು ಹಳೆಯ ಉದಾಹರಣೆ ಚೀನಾದಲ್ಲಿದೆ. ವಾಂಗ್ ಝೆನ್ ಎಂಬ ಅಧಿಕಾರಿ 1298ರಲ್ಲಿ, ಮರದಲ್ಲಿ ಕೊರೆದ ಬಿಡಿ ಅಕ್ಷರಗಳನ್ನು ಜೋಡಿಸಿ ತನ್ನ ಜಿಲ್ಲೆಯ ಚರಿತ್ರೆಯೊಂದನ್ನು ಮುದ್ರಿಸಿದ. ಚೀನೀ ಬರಹಕ್ಕೆ ಬೇಕಾಗುವ ಅಕ್ಷರಗಳು ಸಾವಿರಗಟ್ಟಲೆ. ಅಷ್ಟನ್ನೂ ಉದ್ದನೆಯ ಹಲಗೆಗಳ ಮೇಲೆ ಹರಡಿದರೆ ಜೋಡಿಸುವವನು ದಿನವಿಡೀ ನಡೆಯಬೇಕಾಗುತ್ತಿತ್ತು. ಅದಕ್ಕೆ ಅವನು ಹಗುರ ಮರದ ದುಂಡು ಮೇಜುಗಳನ್ನು ಮಾಡಿಸಿದ. ಅಲ್ಲಿನ ಅಳತೆಯಲ್ಲಿ ಒಂದೊಂದರ ಅಗಲ 7 ಅಡಿ. ನಡುವೆ ಒಂದು ಕಂಬ, ಅದರ ಮೇಲೆ ಮೇಜು ತಿರುಗುತ್ತದೆ. ಒಂದು ಮೇಜಿನಲ್ಲಿ ಪ್ರಾಸದ ಕ್ರಮದಲ್ಲಿ ಜೋಡಿಸಿದ ಅಕ್ಷರಗಳು, ಇನ್ನೊಂದರಲ್ಲಿ ಮತ್ತೆ ಮತ್ತೆ ಬೇಕಾಗುವ ಅಕ್ಷರಗಳು. ಜೋಡಿಸುವವನು ಎರಡರ ನಡುವೆ ಕೂತು ಬೇಕಾದ ಕಡೆ ತಿರುಗಿಸಿ ಅಕ್ಷರ ಎತ್ತಿಕೊಳ್ಳುತ್ತಿದ್ದ. ಮನುಷ್ಯ ಅಕ್ಷರವನ್ನು ಹುಡುಕಿಕೊಂಡು ಹೋಗುವುದು ಕಷ್ಟ, ಅಕ್ಷರವೇ ಮನುಷ್ಯನ ಬಳಿಗೆ ಬರುವುದು ಸುಲಭ ಎಂಬ ತತ್ತ್ವವನ್ನು ಅವನು 1313ರ ತನ್ನ ಕೃಷಿ ಗ್ರಂಥದಲ್ಲಿ ವಿವರಿಸಿದ್ದಾನೆ. ನಮ್ಮ ಅಚ್ಚುಕೂಟಗಳಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರೂ ಹೆಚ್ಚು ಬಳಕೆಯ ಅಕ್ಷರಗಳನ್ನು ಕೈಗೆ ಹತ್ತಿರದ ಮನೆಗಳಲ್ಲಿ ಇಟ್ಟುಕೊಳ್ಳುತ್ತಿದ್ದರು. ಮುದ್ರಣಕ್ಕೆ ನೆರವಾದ ಈ ವ್ಯವಸ್ಥೆ ಸೂಜಿ ದಾರಕ್ಕೂ ಹೊಂದುತ್ತದೆ.

ಈಗ ನಮ್ಮ ಹಲಗೆಗೆ ಬರೋಣ. ಏಳೇ ಡಬ್ಬಿ ಯಾಕೆ? ಕೈಗೆ ಸಿಗುವ ಹಾಗಿದ್ದರೆ ಒಂದೇ ಬಗೆಯ ಏಳು ನಾಣ್ಯ ತೆಗೆದುಕೊಳ್ಳಿ. ಒಂದನ್ನು ನಡುವೆ ಇಟ್ಟು ಉಳಿದವನ್ನು ಅದಕ್ಕೆ ತಾಗುವಂತೆ ಸುತ್ತಲೂ ಇಡುತ್ತಾ ಹೋಗಿ. ಸರಿಯಾಗಿ ಆರು ಹಿಡಿಯುತ್ತವೆ. ಆರೂ ನಡುವಿನದಕ್ಕೆ ತಾಗುತ್ತವೆ, ಅಕ್ಕಪಕ್ಕದವಕ್ಕೂ ತಾಗುತ್ತವೆ. ಒಂದಿಷ್ಟೂ ಸಡಿಲ ಉಳಿಯುವುದಿಲ್ಲ, ಸುತ್ತಿನಲ್ಲಿ ಏಳನೆಯದಕ್ಕೆ ಜಾಗವೂ ಇರುವುದಿಲ್ಲ. ಡಬ್ಬಿಯ ಅಗಲ ಎಷ್ಟೇ ಇರಲಿ, ಏಳೂ ಒಂದೇ ಅಗಲದವಾದರೆ ಈ ಲೆಕ್ಕ ತಪ್ಪುವುದಿಲ್ಲ. ನಿಮ್ಮ ಅಡುಗೆಮನೆಯ ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಸಾಸಿವೆ, ಜೀರಿಗೆ, ಮೆಂತ್ಯ, ಅರಿಶಿನದ ಏಳು ಬಟ್ಟಲುಗಳು ಕೂತಿರುವುದು ಹೀಗೆಯೇ. ನಾವು ಮಾಡಲಿರುವುದು ಕೈಕೆಲಸದ ಒಗ್ಗರಣೆ ಡಬ್ಬಿ, ಅದಕ್ಕೆ ತಿರುಗುವ ತಳ. ರಂಗೋಲಿ ಹಾಕುವವರಿಗೆ ಗುರುತು ಮಾಡುವುದು ಇನ್ನೂ ಸುಲಭ. ಎಡೆಚುಕ್ಕಿಯಲ್ಲಿ ಎರಡು, ಮೂರು, ಎರಡು ಇಟ್ಟರೆ ಏಳು ಡಬ್ಬಿಗಳ ನಡುಬಿಂದುಗಳು ಸಿಕ್ಕಿಬಿಟ್ಟವು.

ಬೇಕಾಗುವ ಸಾಮಾನು ಹೇಳುತ್ತೇನೆ. ಸುಮಾರು 10 ಸೆಂಟಿಮೀಟರ್ ಅಗಲದ, ಒಂದೇ ಅಳತೆಯ ಏಳು ಡಬ್ಬಿಗಳು. ಹಾಲಿನ ಪುಡಿಯ ತಗಡಿನ ಡಬ್ಬಿ ಆಗಬಹುದು, ಪ್ಲಾಸ್ಟಿಕ್ ಡಬ್ಬಿಯೂ ಆಗಬಹುದು. 9 ಮಿಲಿಮೀಟರ್ ದಪ್ಪದ ಪ್ಲೈವುಡ್ ತುಂಡುಗಳು ಎರಡು. ಮನೆ ಕಟ್ಟುವ ಕಡೆ ಬಡಗಿಗಳ ಬಳಿ ಇಂಥ ತುಂಡುಗಳು ಉಳಿದಿರುತ್ತವೆ. ಗಟ್ಟಿ ರಟ್ಟಿನ ಪೆಟ್ಟಿಗೆ ಒಂದು. ಮಕ್ಕಳು ಆಡುವ ಗಾಜಿನ ಗೋಲಿಗಳು ಸುಮಾರು 45. 8 ಮಿಲಿಮೀಟರ್ ದಪ್ಪದ, 35 ಮಿಲಿಮೀಟರ್ ಉದ್ದದ ಒಂದು ಬೋಲ್ಟು, ಅದಕ್ಕೆ ಒಂದು ನಟ್ಟು, ಒಂದು ವಾಷರ್. ಅಡಿಗೆ ಕೂರಿಸಲು 1 ಸೆಂಟಿಮೀಟರ್ ಎತ್ತರದ ರಬ್ಬರ್ ಬುಷ್ ನಾಲ್ಕು. ಮರಕ್ಕೆ ಹಾಕುವ ಅಂಟು, ಉಪ್ಪುಕಾಗದ, ಹಳೆಯ ಸೀರೆಯ ಅಂಚು. ಮತ್ತೊಮ್ಮೆ: ಏಳು ಡಬ್ಬಿ, ಎರಡು ಪ್ಲೈವುಡ್ ತುಂಡು, ರಟ್ಟು, 45 ಗೋಲಿ, 8 ಮಿಲಿಮೀಟರ್ ದಪ್ಪ 35 ಮಿಲಿಮೀಟರ್ ಉದ್ದದ ಬೋಲ್ಟು, ನಟ್ಟು, ವಾಷರ್, ನಾಲ್ಕು ರಬ್ಬರ್ ಬುಷ್, ಅಂಟು, ಉಪ್ಪುಕಾಗದ.

ಅಳತೆಗಳನ್ನು ನೆನಪಿಡಲು ಒಂದು ದಾರಿ ಇದೆ. ಒಂದು ಮೊಳೆ, ಒಂದು ದಾರ, ಒಂದು ಪೆನ್ಸಿಲ್ ಇದ್ದರೆ ಎಷ್ಟು ದೊಡ್ಡ ವೃತ್ತವನ್ನಾದರೂ ಎಳೆಯಬಹುದು. ದಾರದ ಉದ್ದಗಳು ನಾಲ್ಕು: 16, 14, 12, 10. ಎಲ್ಲವೂ ಸೆಂಟಿಮೀಟರುಗಳಲ್ಲಿ. 16ರ ದಾರದಲ್ಲಿ ಒಂದು ಪ್ಲೈವುಡ್ ಮೇಲೆ ವೃತ್ತ ಎಳೆದರೆ ಅದು ಮೇಲಿನ ಹಲಗೆ. 14ರ ದಾರದಲ್ಲಿ ಇನ್ನೊಂದು ಪ್ಲೈವುಡ್ ಮೇಲೆ ಎಳೆದರೆ ಅದು ತಳದ ಹಲಗೆ. ರಟ್ಟಿನ ಮೇಲೆ ಒಂದೇ ನಡುಬಿಂದುವಿನಿಂದ 14, 12, 10ರ ಮೂರು ವೃತ್ತ ಎಳೆಯಿರಿ. 14ಕ್ಕೂ 12ಕ್ಕೂ ನಡುವಿನ ಬಳೆಯಾಕಾರ ಒಂದು ತುಂಡು. 10ರ ಒಳಗಿನದು ಇನ್ನೊಂದು ತುಂಡು. ಇವೆರಡರ ನಡುವೆ ಉಳಿಯುವ 2 ಸೆಂಟಿಮೀಟರ್ ಜಾಗವನ್ನು ಕತ್ತರಿಸಿ ತೆಗೆದುಬಿಡಿ. ಅದು ಗೋಲಿಗಳು ಉರುಳುವ ಜಾಡು. ಮತ್ತೊಮ್ಮೆ: ಮೇಲಿನ ಹಲಗೆ 16, ತಳದ ಹಲಗೆ 14, ರಟ್ಟಿನ ಬಳೆ 14ರಿಂದ 12, ರಟ್ಟಿನ ಬಿಲ್ಲೆ 10.

ಪ್ಲೈವುಡ್ಡನ್ನು ದುಂಡಗೆ ಕೊಯ್ಯಲು ಬಡಗಿಗೇ ಕೊಡುವುದು ಒಳ್ಳೆಯದು. ಎರಡು ಹಲಗೆಗಳ ನಡುವಿಗೂ ತೂತು ಹಾಕಿಸಿ. ತಳದ ಹಲಗೆಯ ತೂತು ಬೋಲ್ಟು ಬಿಗಿಯಾಗಿ ಕೂರುವಂತೆ 8 ಮಿಲಿಮೀಟರ್ ಇರಲಿ. ಮೇಲಿನ ಹಲಗೆಯದು ತುಸು ಸಡಿಲವಾಗಿ 9 ಮಿಲಿಮೀಟರ್ ಇರಲಿ. ರಟ್ಟಿನ ಕೆಲಸ ಮನೆಯಲ್ಲೇ ಆಗುತ್ತದೆ. ಪೆಟ್ಟಿಗೆಯ ರಟ್ಟಿನ ಒಳಗೆ ಅಲೆಅಲೆಯಾಗಿ ಗೆರೆಗಳಿರುತ್ತವೆ. ಬಳೆಗೂ ಬಿಲ್ಲೆಗೂ ಮೂರು ಮೂರು ಪದರ ಬೇಕು; ಅವನ್ನು ಅಂಟಿಸುವಾಗ ಒಂದರ ಗೆರೆ ಉದ್ದಕ್ಕೆ ಬಂದರೆ ಮುಂದಿನದರ ಗೆರೆ ಅಡ್ಡಕ್ಕೆ ಬರಲಿ. ಒಂದು ದಿಕ್ಕಿನಲ್ಲಿ ಬಾಗುವ ಪದರವನ್ನು ಇನ್ನೊಂದು ದಿಕ್ಕಿನ ಪದರ ತಡೆಯುತ್ತದೆ. ಪ್ಲೈವುಡ್ಡಿಗೆ ಗಟ್ಟಿತನ ಬರುವುದೂ ಇದೇ ಕಾರಣಕ್ಕೆ. ಮೂರು ಪದರ ಸೇರಿ ದಪ್ಪ 1 ಸೆಂಟಿಮೀಟರ್ ಒಳಗಿರಬೇಕು. ಮೈದಾ ಅಂಟಿನಲ್ಲೇ ಅಂಟಿಸುವುದಾದರೆ ಹುಳ ಹಿಡಿಯುವ ಭಯವಿದೆ. ಪುಸ್ತಕ ಕಟ್ಟುವವರು ಅದಕ್ಕೆ ಚೂರು ಮೈಲುತುತ್ತ ಸೇರಿಸುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಮರದ ಅಂಟೇ ಸಾಕು. ಅಂಟಿಸಿದ ಮೇಲೆ ಒಂದು ರಾತ್ರಿ ಭಾರ ಹೇರಿ ಇಡಿ. ರಟ್ಟಿನ ಬಿಲ್ಲೆಯ ನಡುವೆ 4 ಸೆಂಟಿಮೀಟರ್ ಅಗಲದ ತೂತು ಮಾಡಿಕೊಳ್ಳಿ, ನಟ್ಟು ಕೂರುವುದಕ್ಕೆ.

ಈಗ ಜೋಡಣೆ. ತಳದ ಹಲಗೆಯ ಅಡಿಯಿಂದ ವಾಷರ್ ಹಾಕಿದ ಬೋಲ್ಟನ್ನು ತೂರಿಸಿ ಮೇಲಿನಿಂದ ನಟ್ಟು ಬಿಗಿ ಮಾಡಿ. 13ನೇ ನಂಬರಿನ ಸ್ಪ್ಯಾನರ್ ಇದಕ್ಕೆ ಸರಿಹೊಂದುತ್ತದೆ. ಬೋಲ್ಟಿನ ತಲೆ ನೆಲಕ್ಕೆ ತಾಗದಂತೆ ಅಡಿಯಲ್ಲಿ ನಾಲ್ಕು ರಬ್ಬರ್ ಬುಷ್ ಕೂರಿಸಿ. ಹಲಗೆಯ ಮೇಲ್ಮೈಯಲ್ಲಿ ನಡುವಿಗೆ ರಟ್ಟಿನ ಬಿಲ್ಲೆ, ಅಂಚಿಗೆ ರಟ್ಟಿನ ಬಳೆ ಅಂಟಿಸಿ. ಅಂಟು ಪೂರಾ ಒಣಗಿದ ಮೇಲೆ ಜಾಡಿನಲ್ಲಿ ಗೋಲಿ ತುಂಬಿ. ಮೇಲಿನ ಹಲಗೆಯ ನಡುತೂತನ್ನು ಬೋಲ್ಟಿಗೆ ಕೂರಿಸಿ ಇಳಿಸಿದರೆ ಅದು ಗೋಲಿಗಳ ಮೇಲೆ ನಿಲ್ಲುತ್ತದೆ. ಬೋಲ್ಟು 35 ಮಿಲಿಮೀಟರ್ ಉದ್ದ ಅಂತ ಹೇಳಿದ್ದಕ್ಕೆ ಕಾರಣವಿದೆ: ತಳದ ಹಲಗೆ, ಗೋಲಿ, ಮೇಲಿನ ಹಲಗೆ ಇಷ್ಟನ್ನೂ ಕೂಡಿದರೆ ಅದರ ತುದಿ ಮೇಲಿನ ಹಲಗೆಯ ಒಳಗೇ ಮುಗಿಯುತ್ತದೆ. ಮೇಲೆ ಚಾಚಿಕೊಳ್ಳುವುದಿಲ್ಲ, ನಡುವಿನ ಡಬ್ಬಿ ನೆಟ್ಟಗೆ ಕೂರುತ್ತದೆ. ಮೇಲಿನ ಹಲಗೆಗೆ ನಟ್ಟಿನ ಹಂಗಿಲ್ಲ. ಧೂಳು ಕೂತಾಗ ಎತ್ತಿ, ಒರೆಸಿ, ಮತ್ತೆ ಇಳಿಸಬಹುದು. ಆದರೆ ಸಾಧನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವಾಗ ತಳದ ಹಲಗೆಗೇ ಕೈ ಕೊಟ್ಟು ಎತ್ತಬೇಕು.

ಗೋಲಿಗಳ ಬಗ್ಗೆ ನಾಲ್ಕು ಮಾತು ಹೆಚ್ಚಿಗೆ ಹೇಳಬೇಕು, ಯಾಕೆಂದರೆ ಸಾಧನದ ಜೀವ ಅಲ್ಲಿದೆ. ಒಂದು ಹಲಗೆಯನ್ನು ಇನ್ನೊಂದರ ಮೇಲಿಟ್ಟು ತಿರುಗಿಸಿದರೆ ಮರಕ್ಕೆ ಮರ ಉಜ್ಜುತ್ತದೆ. ನಡುವೆ ಗೋಲಿ ಬಂದರೆ ಉಜ್ಜುವ ಬದಲು ಉರುಳುತ್ತದೆ; ಉರುಳುವುದಕ್ಕೆ ಬೇಕಾಗುವ ಬಲ ತೀರಾ ಕಡಿಮೆ. ಸೈಕಲ್ಲಿನ ಚಕ್ರದಲ್ಲಿ ಉಕ್ಕಿನ ಗುಂಡುಗಳು ಮಾಡುವ ಕೆಲಸವನ್ನು ಇಲ್ಲಿ ಗಾಜಿನ ಗೋಲಿಗಳು ಮಾಡುತ್ತವೆ. ಸಾಮಾನ್ಯ ಗೋಲಿಯ ಅಗಲ 16 ಮಿಲಿಮೀಟರ್. ನಮ್ಮ ಜಾಡಿನಲ್ಲಿ ಅಂಥವು ಒಂದಕ್ಕೊಂದು ತಾಗುವಂತೆ 43 ಹಿಡಿಯುತ್ತವೆ. ಆದರೆ 41 ಹಾಕಿ. ಮತ್ತೊಮ್ಮೆ, 41. ಯಾಕೆಂದರೆ ಎಲ್ಲ ಗೋಲಿಗಳೂ ಒಂದೇ ದಿಕ್ಕಿಗೆ ಉರುಳುವಾಗ ಪಕ್ಕಪಕ್ಕದ ಎರಡು ಗೋಲಿಗಳು ತಾಗುವ ಜಾಗದಲ್ಲಿ ಒಂದರ ಮೈ ಮೇಲಕ್ಕೆ, ಇನ್ನೊಂದರ ಮೈ ಕೆಳಕ್ಕೆ ಚಲಿಸುತ್ತಿರುತ್ತದೆ. ಬಿಗಿಯಾಗಿ ತುಂಬಿದರೆ ಅಲ್ಲಿ ಉಜ್ಜಾಟ ಶುರುವಾಗುತ್ತದೆ. ಎರಡು ಗೋಲಿಯ ಜಾಗ ಖಾಲಿ ಬಿಟ್ಟರೆ ಉಸಿರಾಡಲು ಎಡೆ ಸಿಗುತ್ತದೆ. ತೀರಾ ಕಡಿಮೆ ಹಾಕಿದರೂ ಕಷ್ಟವೇ, ಗೋಲಿಗಳೆಲ್ಲ ಒಂದು ಕಡೆ ಸೇರಿ ಹಲಗೆ ವಾಲುತ್ತದೆ.

ಗೋಲಿಗಳು ಒಂದೇ ಗಾತ್ರದವಾಗಿರಬೇಕು. ಅಂಗಡಿಯಿಂದ ತಂದವುಗಳಲ್ಲಿ ದೊಡ್ಡವೂ ಚಿಕ್ಕವೂ ಬೆರೆತಿರುತ್ತವೆ. ಒಂದು ರಟ್ಟಿನಲ್ಲಿ ಸರಿಯಾದ ಗೋಲಿ ಹಾಯುವಷ್ಟೇ ಕಿಂಡಿ ಮಾಡಿ, ಒಂದೊಂದನ್ನೂ ಹಾಯಿಸಿ ನೋಡಿ. ಸಿಕ್ಕಿಕೊಂಡದ್ದು, ಸಡಿಲವಾಗಿ ಜಾರಿದ್ದು ಎರಡನ್ನೂ ತೆಗೆದಿಡಿ. ಒಂದೇ ಒಂದು ದೊಡ್ಡ ಗೋಲಿ ಒಳಗಿದ್ದರೂ ಭಾರವೆಲ್ಲ ಅದರ ಮೇಲೆ ಬಿದ್ದು ಹಲಗೆ ತೂಗಾಡುತ್ತದೆ. ಜಾಡಿನಲ್ಲೂ ಮೇಲಿನ ಹಲಗೆಯ ಅಡಿಯಲ್ಲೂ ತೆಳುವಾದ ಮೈಕಾ ತುಂಡು ಅಂಟಿಸಿದರೆ ಮರಕ್ಕೆ ಗುಳಿ ಬೀಳುವುದಿಲ್ಲ, ಓಟವೂ ನಯವಾಗುತ್ತದೆ. ಎಣ್ಣೆ ಹಾಕುವುದು ಬೇಡ. ಎಣ್ಣೆಗೆ ಧೂಳು ಅಂಟುತ್ತದೆ, ಆ ಜಿಡ್ಡು ಕೊನೆಗೆ ರೇಷ್ಮೆ ಸೀರೆಗೇ ಬರುತ್ತದೆ.

ಇನ್ನೊಂದು ಲೆಕ್ಕ. ನಡುವಿನ ಬೋಲ್ಟಿನಿಂದ ಹೊರಗಿನ ಒಂದು ಡಬ್ಬಿಯ ನಡುವಿಗೆ 10 ಸೆಂಟಿಮೀಟರ್. ಬೋಲ್ಟಿನಿಂದ ಗೋಲಿಗಳ ಸಾಲಿಗೆ 11 ಸೆಂಟಿಮೀಟರ್. ಅಂದರೆ ಪ್ರತಿ ಡಬ್ಬಿಯ ಭಾರದ ನಡು ಗೋಲಿಗಳ ಉಂಗುರದ ಒಳಗೇ ಬೀಳುತ್ತದೆ. ಒಂದು ಡಬ್ಬಿಯಲ್ಲಿ ಗಾಜಿನ ಮಣಿ ತುಂಬಿ, ಎದುರಿನ ಡಬ್ಬಿ ಖಾಲಿ ಬಿಟ್ಟರೂ ಹಲಗೆ ಮಗುಚುವುದಿಲ್ಲ. ನಿಮ್ಮ ಡಬ್ಬಿಗಳ ಅಗಲ ಬೇರೆಯಾಗಿದ್ದರೆ ಈ ಸೂತ್ರ ಬರೆದುಕೊಳ್ಳಿ: ಮೇಲಿನ ಹಲಗೆಯ ಅಗಲ ಡಬ್ಬಿಯ ಅಗಲದ ಮೂರು ಪಟ್ಟು ಮತ್ತು 2 ಸೆಂಟಿಮೀಟರ್, ಗೋಲಿಗಳ ಉಂಗುರದ ಅಗಲ ಡಬ್ಬಿಯ ಅಗಲದ ಎರಡು ಪಟ್ಟು ಮತ್ತು 2 ಸೆಂಟಿಮೀಟರ್. ಇಷ್ಟು ಕೈಯಲ್ಲಿದ್ದರೆ ಯಾವ ಅಳತೆಯ ಡಬ್ಬಿಗಾದರೂ ಹಲಗೆ ಮಾಡಬಹುದು.

ತೀರಾ ಚಿಕ್ಕದು ಸಾಕು ಅನ್ನುವವರಿಗೆ ಬೇರಿಂಗಿನ ದಾರಿ ಇದೆ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಂಥ ಕಡೆಯೋ ನಿಮ್ಮೂರಿನ ಬೇರಿಂಗ್ ಅಂಗಡಿಯಲ್ಲೋ 608 ನಂಬರಿನ ಬೇರಿಂಗ್ ಕೇಳಿ. ಅದರ ಒಳತೂತು 8 ಮಿಲಿಮೀಟರ್, ಹೊರ ಅಗಲ 22 ಮಿಲಿಮೀಟರ್, ದಪ್ಪ 7 ಮಿಲಿಮೀಟರ್. ಇದೇ 8 ಮಿಲಿಮೀಟರ್ ಬೋಲ್ಟು ಅದರಲ್ಲಿ ಕೂರುತ್ತದೆ. ಆದರೆ ನಡುವೆ ಒಂದೇ ಬೇರಿಂಗ್ ಇದ್ದರೆ ಅಂಚಿನಲ್ಲಿ ಭಾರ ಬಿದ್ದಾಗ ಹಲಗೆ ಓಲಾಡುತ್ತದೆ. ಉದ್ದನೆಯ ಬೋಲ್ಟಿಗೆ ಎರಡು ಬೇರಿಂಗ್‌ಗಳನ್ನು ಮೇಲೊಂದು ಕೆಳಗೊಂದು, ನಡುವೆ ಅಂತರ ಬಿಟ್ಟು ಕೂರಿಸಬೇಕು. ದೊಡ್ಡ ಹಲಗೆಗೆ ಮಾತ್ರ ಗೋಲಿಗಳ ಅಗಲವಾದ ಉಂಗುರವೇ ಮೇಲು.

ಹಲಗೆ ತಯಾರಾಯಿತು. ಅಂಚಿನ ಸುತ್ತ 3 ಸೆಂಟಿಮೀಟರ್ ಎತ್ತರದ ರಟ್ಟಿನ ಪಟ್ಟಿ ಅಂಟಿಸಿ, ಡಬ್ಬಿ ಜಾರದಂತೆ. ಪಟ್ಟಿಯ ಉದ್ದ 1 ಮೀಟರಿಗೆ ತುಸು ಮೇಲೆ ಬೇಕಾಗುತ್ತದೆ. ಅದರ ಮೇಲೆ ಹಳೆಯ ಸೀರೆಯ ಅಂಚು ಸುತ್ತಿದರೆ ನೋಡಲೂ ಚೆಂದ, ಕೈಗೂ ಚುಚ್ಚುವುದಿಲ್ಲ. ತಗಡಿನ ಡಬ್ಬಿಗಳ ಬಾಯಂಚನ್ನು ಅರದಿಂದ ಉಜ್ಜಿ ಬಟ್ಟೆಯ ಟೇಪು ಸುತ್ತಿ. ಇಲ್ಲದಿದ್ದರೆ ಬೆರಳಿಗೂ ಅಪಾಯ, ರೇಷ್ಮೆ ಎಳೆಗೂ ಅಪಾಯ.

ಯಾವ ಡಬ್ಬಿಯಲ್ಲಿ ಏನು ಇಡಬೇಕು? ಇದು ಸಾಧನ ಮಾಡುವಷ್ಟೇ ಮುಖ್ಯ. ಹಲಗೆ ಹೇಗೆ ತಿರುಗಿದರೂ ನಡುವಿನ ಡಬ್ಬಿ ಮಾತ್ರ ಇದ್ದ ಜಾಗದಲ್ಲೇ ಇರುತ್ತದೆ. ಹಾಗಾಗಿ ಯಾವ ಹೊತ್ತಿನಲ್ಲೂ ಬೇಕಾಗುವ ಸಾಮಾನಿಗೆ ಅದು ಮೀಸಲು: ಕತ್ತರಿ, ಕ್ರೋಶಾ ಕಡ್ಡಿ, ಅಳತೆ ಟೇಪು, ಬಳಪ. ಕತ್ತರಿಯ ಮೊನೆ ಕೆಳಕ್ಕಿರಲಿ. ಹೊರಗಿನ ಆರು ಡಬ್ಬಿಗಳನ್ನು ಕೆಲಸದ ಹೆಜ್ಜೆಗಳ ಕ್ರಮದಲ್ಲಿ ತುಂಬಿ. ಕುಚ್ಚು ಕಟ್ಟುವವರಾದರೆ ಮೊದಲನೆಯದರಲ್ಲಿ ಕೈಯಲ್ಲಿರುವ ಸೀರೆಗೆ ಆರಿಸಿದ ದಾರ, ಎರಡನೆಯದರಲ್ಲಿ ಸುತ್ತುವ ರಟ್ಟು ಮತ್ತು ಸ್ಕೇಲು, ಮೂರನೆಯದರಲ್ಲಿ ಸೂಜಿಗಳ ಪೆಟ್ಟಿಗೆ, ನಾಲ್ಕನೆಯದರಲ್ಲಿ ಮಣಿ, ಐದನೆಯದರಲ್ಲಿ ಜರಿ ದಾರ, ಆರನೆಯದು ಖಾಲಿ. ಕತ್ತರಿಸಿದ ಎಳೆ, ಚೂರು, ಕಸಕ್ಕೆ ಆ ಆರನೆಯದು. ಒಂದು ಕುಚ್ಚು ಮುಗಿಯುವಷ್ಟರಲ್ಲಿ ಹಲಗೆ ಒಂದು ಸುತ್ತು ಬಂದಿರುತ್ತದೆ; ಮುಂದಿನ ಕುಚ್ಚಿಗೆ ಮೊದಲ ಡಬ್ಬಿ ಎದುರಿಗಿರುತ್ತದೆ. ಕಸೂತಿಯವರು ಬಣ್ಣದ ಪ್ರಕಾರ ಇಟ್ಟುಕೊಳ್ಳಲಿ. ಸಂಡೂರಿನ ಲಂಬಾಣಿ ಕಸೂತಿಯಂಥ ಕೆಲಸ ಮಾಡುವವರು ಕನ್ನಡಿ, ಕವಡೆಗಳಿಗೆ ಒಂದೊಂದು ಡಬ್ಬಿ ಕೊಡಲಿ. ಕೆಲವೇ ದಿನಗಳಲ್ಲಿ ಯಾವ ಡಬ್ಬಿ ಎಲ್ಲಿದೆ ಅನ್ನುವುದು ಬೆರಳಿಗೇ ಗೊತ್ತಾಗಿಬಿಡುತ್ತದೆ. ಆಮೇಲೆ ಜಾಗ ಬದಲಿಸಬೇಡಿ.

ಸಣ್ಣ ಮಣಿಗಳು ಆಳವಾದ ಡಬ್ಬಿಯ ತಳ ಸೇರಿದರೆ ಕೈ ಹಾಕಿ ಎತ್ತುವುದು ಕಷ್ಟ. ಡಬ್ಬಿಯ ಅರ್ಧದವರೆಗೆ ಮಡಚಿದ ಕಾಗದ ತುಂಬಿ, ಅದರ ಮೇಲೆ ರಟ್ಟಿನ ಬಿಲ್ಲೆ ಇಟ್ಟು ತಳ ಎತ್ತರಿಸಿಕೊಳ್ಳಿ. ದಾರದ ರೀಲುಗಳ ತುದಿಯನ್ನು ರೀಲಿನ ಸೀಳಿನಲ್ಲಿ ಸಿಕ್ಕಿಸಿಡಲೇಬೇಕು. ಡಬ್ಬಿಯೊಳಗಿನ ರೀಲಿನಿಂದ ನೇರವಾಗಿ ದಾರ ಎಳೆಯುತ್ತಾ ಕೆಲಸ ಮಾಡಬೇಡಿ. ಹಲಗೆ ತಿರುಗಿದಾಗ ದಾರ ಏಳು ಡಬ್ಬಿಗಳಿಗೂ ಸುತ್ತಿಕೊಳ್ಳುತ್ತದೆ. ಬೇಕಾದಷ್ಟು ಉದ್ದ ಕತ್ತರಿಸಿಕೊಂಡು, ರೀಲನ್ನು ಡಬ್ಬಿಗೆ ಹಾಕಿ, ಆಮೇಲೆ ತಿರುಗಿಸಿ.

ಸಾಧನವನ್ನು ಎಲ್ಲಿಡಬೇಕು? ಕೂತ ಜಾಗದಿಂದ ಒಂದು ಮೊಳದೊಳಗೆ. ಮೊಣಕೈ ಮೈಗೆ ತಾಗಿದ್ದಂತೆಯೇ ಬೆರಳು ಡಬ್ಬಿ ಮುಟ್ಟಬೇಕು, ಬೆನ್ನು ಬಗ್ಗಿಸುವಂತಿರಬಾರದು. ಬಲಗೈಯಲ್ಲಿ ಸೂಜಿ ಹಿಡಿಯುವವರು ಹಲಗೆಯನ್ನು ಎಡಕ್ಕೆ ಇಟ್ಟುಕೊಂಡರೆ ಸೂಜಿ ಕೆಳಗಿಡದೆ ಎಡಗೈಯಿಂದಲೇ ತಿರುಗಿಸಬಹುದು. ಎಡಗೈಯವರು ಬಲಕ್ಕೆ ಇಟ್ಟುಕೊಳ್ಳಲಿ. ನೆಲದ ಮೇಲೆ ಕೂರುವವರು ಮಣೆಯ ಮೇಲಿಡಿ. ಡಬ್ಬಿಯ ಬಾಯಿ ಮಂಡಿಗಿಂತ ತುಸು ಮೇಲೆ ಬರಲಿ. ಕಿಟಕಿಯ ಬೆಳಕು ಬಟ್ಟೆಯ ಮೇಲೆ ಬೀಳಬೇಕು, ದಾರದ ಮೇಲೆ ಬಿಸಿಲು ಬೀಳಬಾರದು. ಬಿಸಿಲಿಗೆ ಬಣ್ಣದ ದಾರ ಮಂಕಾಗುತ್ತದೆ. ತೇವದ ಗಾಳಿಗೆ ಜರಿ ಕಪ್ಪಾಗುತ್ತದೆ, ಸೂಜಿ ತುಕ್ಕು ಹಿಡಿಯುತ್ತದೆ. ಅದರಲ್ಲೂ ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಜರಿಯನ್ನೂ ಸೂಜಿಯನ್ನೂ ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟೇ ಡಬ್ಬಿಯೊಳಗೆ ಇಡಿ. ಕೆಲಸ ಮುಗಿದ ಮೇಲೆ ಇಡೀ ಹಲಗೆಗೆ ಒಂದು ತೆಳು ಬಟ್ಟೆ ಹೊದಿಸಿ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಮಣಿ, ಗೋಲಿ, ಕತ್ತರಿ ಮೂರೂ ಅಪಾಯ. ಕೆಲಸವಿಲ್ಲದ ಹೊತ್ತಿನಲ್ಲಿ ಸಾಧನದ ಜಾಗ ಎತ್ತರದ ಕಪಾಟಿನಲ್ಲೇ.

ಇಷ್ಟೆಲ್ಲ ಅಳತೆ, ಇಷ್ಟೆಲ್ಲ ಎಚ್ಚರ ಒಂದು ಡಬ್ಬಿಯ ಹಲಗೆಗೆ ಬೇಕೇ ಅಂತ ಕೇಳುವವರಿದ್ದಾರೆ. ಬೇಕು ಅಂತ ನಾನು ದೃಢವಾಗಿ ಹೇಳುತ್ತೇನೆ. ಕಮ್ಮಾರನಿಗೆ ಕುಲುಮೆ ಇದೆ, ಬಡಗಿಗೆ ಕೊಟ್ಟಿಗೆ ಇದೆ, ದರ್ಜಿಗೆ ಅಂಗಡಿ ಇದೆ. ಮನೆಯಲ್ಲಿ ಸೂಜಿ ಹಿಡಿದ ಹೆಣ್ಣುಮಗಳಿಗೆ ಬೇರೆ ಕೋಣೆ ಇರುವುದಿಲ್ಲ. ಅಡುಗೆ ಮುಗಿದು ಮಕ್ಕಳು ಶಾಲೆಯಿಂದ ಬರುವವರೆಗಿನ ಹೊತ್ತು ಅವಳದು. ಮಂಚದ ಮೂಲೆ, ಜಗಲಿಯ ಅಂಚು ಅವಳ ಕಾರ್ಖಾನೆ. ಅವಳ ದುಡಿಮೆಯಿಂದ ಫೀಸು ಕಟ್ಟಿದ ಮನೆಗಳಿವೆ, ಸಾಲ ತೀರಿಸಿದ ಮನೆಗಳಿವೆ. ಹಾಗಿದ್ದೂ ಆ ಕೆಲಸ ಬಿಡುವಿನ ವೇಳೆಯ ಹವ್ಯಾಸದ ಲೆಕ್ಕಕ್ಕೆ ಹೋಗುತ್ತದೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ದೇಶವೆಲ್ಲ ಸುತ್ತಿದರು. ಕೈಕೆಲಸದವರನ್ನು ವೃತ್ತಿಯವರೆಂದು ಎಲ್ಲರೂ ಕಾಣಬೇಕೆಂಬುದು ಅವರ ಬಾಳಿನ ದುಡಿಮೆಯಾಗಿತ್ತು. ವೃತ್ತಿಯವರಿಗೆ ತಕ್ಕ ಸಲಕರಣೆ ಇರಬೇಕು. ತನ್ನ ಕೈಯ ಅಳತೆಗೆ, ತನ್ನ ಕೆಲಸದ ಹೆಜ್ಜೆಗೆ ಹೊಂದುವ ಸಲಕರಣೆಯನ್ನು ತಾನೇ ಮಾಡಿಕೊಂಡವಳು ತನ್ನ ಕೆಲಸಕ್ಕೆ ತಾನೇ ಮೊದಲು ಬೆಲೆ ಕೊಟ್ಟಂತಾಗುತ್ತದೆ.

ಆದ್ದರಿಂದ ಈ ವಾರ ಕೆಲಸಕ್ಕೆ ಕೂತಾಗ ಒಂದು ಕಾಗದದ ಮೇಲೆ ಬರೆಯುತ್ತಾ ಹೋಗಿ: ಯಾವ ಸಾಮಾನಿಗೆ ಕೈ ಎಷ್ಟು ಸಲ ಹೋಯಿತು, ಯಾವುದಕ್ಕಾಗಿ ಎದ್ದಿರಿ, ಯಾವುದನ್ನು ಹುಡುಕಿದಿರಿ. ಆ ಪಟ್ಟಿಯೇ ನಿಮ್ಮ ಏಳು ಡಬ್ಬಿಗಳನ್ನು ಹಂಚಿಕೊಡುತ್ತದೆ. ಆಮೇಲೆ ಗೋಲಿ ಕೊಳ್ಳಿ, ಬಡಗಿಯನ್ನು ಕೇಳಿ. ಮನೆಯ ಉಳಿದವರಿಗೂ ಒಂದು ಮಾತು. ಹಲಗೆ ತಯಾರಾದ ಮೇಲೆ ಅದರ ಮೇಲೆ ಬೀಗದ ಕೈ, ಮೊಬೈಲು, ವಿದ್ಯುತ್ ಬಿಲ್ಲು ತಂದಿಡಬೇಡಿ. ಕತ್ತರಿ ಬೇಕಾದರೆ ಕೇಳಿ ತೆಗೆದುಕೊಳ್ಳಿ, ತೆಗೆದ ಡಬ್ಬಿಗೇ ವಾಪಸ್ಸು ಇಡಿ. ಅದು ನಿಮ್ಮ ಮನೆಯ ಒಬ್ಬರು ದುಡಿಯುವ ಜಾಗ.